ಯೂರಿಯಾ ಹಾಕಿದ ಲೋಟ ತಣ್ಣಗಾಯಿತು, ನಿಜ. ನೀರಿನ ರಚನೆ ಒಡೆಯಿತೇ?

ಪ್ರಶ್ನೆ: ನಮ್ಮದು ಶಿರಾ ತಾಲ್ಲೂಕಿನ ಹಳ್ಳಿ. ಕುಡಿಯೋದು ಕೊಳವೆಬಾವಿ ನೀರು, ಕರಗಿದ ಒಟ್ಟು ಲವಣ ಅಳೆಯುವ ಟಿಡಿಎಸ್ ಮೀಟರ್ 900ರ ಆಸುಪಾಸು ತೋರಿಸುತ್ತದೆ. ಹೋದ ತಿಂಗಳು ಏಜೆಂಟರೊಬ್ಬರು ಮನೆಗೆ ಬಂದು, ‘ಕರಗಿದ ವಸ್ತುಗಳು ನಿಮ್ಮ ನೀರಿನ ರಚನೆಯನ್ನೇ ಒಡೆದು ಹಾಕಿವೆ, ಇದು ಸತ್ತ ನೀರು’ ಎಂದರು. ಸಾಕ್ಷಿಗೆ ಅಂತ ನಮ್ಮನೆಯ ಯೂರಿಯಾವನ್ನೇ ಒಂದು ಹಿಡಿ ಲೋಟದ ನೀರಿಗೆ ಹಾಕಿ ಅಪ್ಪನ ಕೈಗೆ ಕೊಟ್ಟರು. ಲೋಟ ಫ್ರಿಜ್‌ನಿಂದ ತೆಗೆದಷ್ಟು ತಣ್ಣಗಾಯಿತು. ‘ನೋಡಿ, ರಚನೆ ಒಡೆದು ಶಕ್ತಿ ಹೋಯಿತು’ ಎಂದರು. ಸುರುಳಿ ಕೊಳವೆ, ಆಯಸ್ಕಾಂತ ಇರುವ ಅವರ ಯಂತ್ರ ಆ ರಚನೆಯನ್ನು ಮತ್ತೆ ಕಟ್ಟುತ್ತದಂತೆ. ಬೆಲೆ 38 ಸಾವಿರ. ಅಪ್ಪ ಮುಂಗಡ ಕೊಟ್ಟಾಗಿದೆ. ಇದೆಲ್ಲ ಬರೀ ಬೂಟಾಟಿಕೆ ಅಂದುಕೊಂಡಿದ್ದೆ. ಆದರೆ ಬಿ.ಎಸ್ಸಿ. ಓದುವ ಮಗಳು ತನ್ನ ಪುಸ್ತಕದಲ್ಲೂ ನೀರಿನ ರಚನೆ ಕಟ್ಟುವ ಅಯಾನು (ಲವಣ ಕರಗಿದಾಗ ಬಿಡಿಯಾಗುವ ವಿದ್ಯುದಾವೇಶದ ಕಣ), ರಚನೆ ಒಡೆಯುವ ಅಯಾನು ಅಂತ ಪಾಠವಿದೆ ಎಂದು ತೋರಿಸಿದಳು. ಹಾಗಾದರೆ ಏಜೆಂಟ್ ಹೇಳಿದ್ದರಲ್ಲಿ ಸತ್ಯವಿದೆಯೇ? ಅಮ್ಮನಿಗೆ ಎರಡು ವರ್ಷದಿಂದ ಮಂಡಿ, ಸೊಂಟ ನೋವು. ನೀರು ಸರಿಯಾದರೆ ಅದೂ ಕಡಿಮೆಯಾಗುತ್ತದೆ ಎಂಬ ಆಸೆ ಅಪ್ಪನಿಗೆ.

ಉತ್ತರ: ಬಾಕಿ ಹಣ ಸದ್ಯಕ್ಕೆ ಕೊಡಬೇಡಿ. ಇದನ್ನು ಮೊದಲು ಹೇಳಿಬಿಡುತ್ತೇನೆ, ಕಾರಣಗಳು ಆಮೇಲೆ.

ನಿಮ್ಮ ಪತ್ರದಲ್ಲಿ ಮೂರು ಸಂಗತಿಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಕರಗಿದ ವಸ್ತು ನೀರಿನ ಒಳಗಿನ ಜೋಡಣೆಯನ್ನು ಬದಲಿಸುತ್ತದೆಯೇ? ಬದಲಿಸಿದರೆ ಅಂಥ ನೀರು ಕೆಟ್ಟದ್ದೇ? ಕೆಟ್ಟಿದ್ದರೆ ಯಂತ್ರ ಅದನ್ನು ರಿಪೇರಿ ಮಾಡೀತೇ? ಮೊದಲನೆಯದು ನಿಜವಾದ ವಿಜ್ಞಾನದ ಪ್ರಶ್ನೆ, ನೂರು ವರ್ಷಕ್ಕೂ ಹೆಚ್ಚು ಕಾಲ ದೊಡ್ಡ ದೊಡ್ಡವರು ಜಗಳವಾಡಿದ್ದಾರೆ. ಏಜೆಂಟ್ ಆ ಜಗಳದಿಂದ ಎರಡು ಪದ ಎತ್ತಿಕೊಂಡು ಉಳಿದೆರಡನ್ನು ತಾವೇ ಸೇರಿಸಿದ್ದಾರೆ. ದ್ರಾವಣ ರಸಾಯನವನ್ನೇ ಕಲಿಸಿಕೊಂಡು ಬಂದ ನನಗೆ ಈ ಕಲಬೆರಕೆ ಹೊಸದಲ್ಲ, ಆದರೆ ಯೂರಿಯಾ ಪ್ರಯೋಗ ತೋರಿಸಿದ್ದು ಮಾತ್ರ ಜಾಣತನ. ರೈತರ ಮನೆಯಲ್ಲಿ ಯಾವಾಗಲೂ ಇರುವ ಸಾಮಾನು, ಕೈಗೆ ತಟ್ಟುವ ಫಲಿತಾಂಶ.

ಲೋಟದಿಂದಲೇ ಶುರು ಮಾಡೋಣ. ಯೂರಿಯಾ ಹರಳಿನೊಳಗೆ ಅಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಕರಗಬೇಕಾದರೆ ಆ ಹಿಡಿತ ಬಿಡಿಸಬೇಕು, ಅದಕ್ಕೆ ಶಕ್ತಿ ಬೇಕು. ಬಿಡಿಯಾದ ಅಣುಗಳನ್ನು ನೀರು ತನ್ನತ್ತ ಸೆಳೆದುಕೊಂಡಾಗ ಸ್ವಲ್ಪ ಶಕ್ತಿ ವಾಪಸ್ ಬರುತ್ತದೆ, ಆದರೆ ಖರ್ಚಾದಷ್ಟು ಬರುವುದಿಲ್ಲ. ಪ್ರತಿ 60 ಗ್ರಾಂ ಯೂರಿಯಾಕ್ಕೆ ಸುಮಾರು 15 ಕಿಲೋಜೂಲ್ ಕೊರತೆ. ಆ ಕೊರತೆಯನ್ನು ನೀರು ತನ್ನ ಬಿಸಿಯಿಂದಲೇ ತುಂಬಿಕೊಡುತ್ತದೆ. 100 ಮಿಲಿಲೀಟರ್ ನೀರಿಗೆ 20 ಗ್ರಾಂ ಹಾಕಿದರೆ ಹತ್ತು ಡಿಗ್ರಿಯಷ್ಟು ಇಳಿಯಬೇಕು ಎಂದು ಲೆಕ್ಕ ಹೇಳುತ್ತದೆ. ನಿಮ್ಮ ತಂದೆಯ ಕೈಗೆ ತಟ್ಟಿದ್ದು ಅದೇ. ಅಂದರೆ ಶಕ್ತಿ ಹೋದದ್ದು ಮುಖ್ಯವಾಗಿ ಯೂರಿಯಾ ಹರಳನ್ನು ಬಿಡಿಸುವುದಕ್ಕೆ. ಪೊಟ್ಯಾಷ್ ಗೊಬ್ಬರ ಕರಗಿಸಿದರೂ ಹೀಗೇ ತಣ್ಣಗಾಗುತ್ತದೆ, ಡ್ರಮ್ಮಿನಲ್ಲಿ ಕಲಸಿದವರಿಗೆ ಗೊತ್ತು. ಕಾಸ್ಟಿಕ್ ಸೋಡಾ ಹಾಕಿದರೆ ನೀರು ಕೈ ಸುಡುವಷ್ಟು ಬಿಸಿಯಾಗುತ್ತದೆ. ತಣ್ಣಗಾದರೆ ರಚನೆ ಒಡೆಯಿತು ಎಂಬ ತರ್ಕ ಹಿಡಿದರೆ, ಬಿಸಿಯಾದಾಗ ರಚನೆ ಕಟ್ಟಿತು ಎನ್ನಬೇಕಾಗುತ್ತದೆ. ಆಗ ಕಾಸ್ಟಿಕ್ ಸೋಡಾ ನೀರಿಗಿಂತ ಜೀವಂತ ನೀರು ಬೇರೆ ಇರಲಿಕ್ಕಿಲ್ಲ! ಮುಂದಿನ ಸಲ ಬಂದಾಗ ಅವರನ್ನೇ ಕೇಳಿ.

ಈಗ ನೀರಿನ ರಚನೆ ಎಂದರೆ ಏನು ಎಂಬ ವಿಷಯ. ಒಂದು ನೀರಿನ ಅಣು ತನ್ನ ಸುತ್ತಲಿನ ನಾಲ್ಕು ಅಣುಗಳ ಜೊತೆ ಹೈಡ್ರೋಜನ್ ಬಂಧ, ಅಂದರೆ ಅಣುವಿಗೂ ಅಣುವಿಗೂ ನಡುವಿನ ಸಡಿಲ ಹಿಡಿತ, ಕಟ್ಟಿಕೊಳ್ಳಬಲ್ಲದು. ಮಂಜುಗಡ್ಡೆಯಲ್ಲಿ ನಾಲ್ಕೂ ಬಂಧ ಖಾಯಂ. ದ್ರವದಲ್ಲಿ ಬಹುಪಾಲು ಬಂಧಗಳು ಇರುತ್ತವೆ, ಆದರೆ ಒಂದೂ ನಿಲ್ಲುವುದಿಲ್ಲ. ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗ, ಅದನ್ನು ಪಿಕೋಸೆಕೆಂಡ್ ಎನ್ನುತ್ತಾರೆ, ಅಷ್ಟರಲ್ಲಿ ಒಂದು ಬಂಧ ಕಳಚಿ ಇನ್ನೊಬ್ಬರ ಜೊತೆ ಹೊಸದು ಆಗಿರುತ್ತದೆ. ಶುದ್ಧ ನೀರಿನ ಬಂಧಜಾಲ ಒಂದು ಕ್ಷಣದ ಜೋಡಣೆಯನ್ನು ಎಷ್ಟು ಹೊತ್ತು ನೆನಪಿಟ್ಟುಕೊಳ್ಳುತ್ತದೆ ಎಂದು ಜರ್ಮನಿ ಮತ್ತು ಕೆನಡಾದ ವಿಜ್ಞಾನಿಗಳು 2005ರಲ್ಲಿ ಲೇಸರ್ ಬಳಸಿ ಅಳೆದರು. ಸಿಕ್ಕಿದ್ದು ಪಿಕೋಸೆಕೆಂಡಿನ ಇಪ್ಪತ್ತರಲ್ಲೊಂದು ಭಾಗ. ಯಂತ್ರದ ಕೊಳವೆಯಿಂದ ನಿಮ್ಮ ಲೋಟಕ್ಕೆ ನೀರು ಬೀಳಲು ಒಂದು ಸೆಕೆಂಡಾದರೂ ಬೇಕು. ಸುರುಳಿಯಲ್ಲಿ ಏನೇ ಜೋಡಣೆ ಆಗಿದ್ದರೂ ಲೋಟ ತಲುಪುವಷ್ಟರಲ್ಲಿ ಅದು ಕೋಟ್ಯಂತರ ಸಲ ಅಳಿಸಿ ಹೋಗಿರುತ್ತದೆ. ಯಂತ್ರದ ಪ್ರಶ್ನೆ ಇಲ್ಲಿಗೇ ಮುಗಿಯಿತು.

ಮಗಳ ಪಾಠದ ಪ್ರಶ್ನೆ ಮುಗಿಯಲಿಲ್ಲ. ಅದು ಹೆಚ್ಚು ಸ್ವಾರಸ್ಯದ್ದು.

ಕಥೆ ಒಂದು ಮೊಟ್ಟೆಯಿಂದ ಶುರುವಾಗುತ್ತದೆ. 1888ರಲ್ಲಿ ಪ್ರಾಗ್ ನಗರದಲ್ಲಿ ಫ್ರಾಂಜ್ ಹಾಫ್‌ಮೈಸ್ಟರ್ ಎಂಬುವರು ಮೊಟ್ಟೆಯ ಬಿಳಿಭಾಗದ ಪ್ರೋಟೀನನ್ನು ಬೇರೆ ಬೇರೆ ಲವಣಗಳಿಂದ ಒತ್ತರಿಸಿ ತಳಕ್ಕೆ ಇಳಿಸಿ ನೋಡಿದರು. ಸಲ್ಫೇಟ್ ಲವಣ ಸ್ವಲ್ಪ ಸಾಕಾಗುತ್ತಿತ್ತು, ಕೆಲವು ಲವಣ ಎಷ್ಟು ಹಾಕಿದರೂ ಕಷ್ಟ. ಲವಣಗಳು ನೀರನ್ನು ಬೇರೆ ಬೇರೆ ಬಿಗಿಯಲ್ಲಿ ಹಿಡಿಯುತ್ತವೆ ಎಂಬ ವಿವರಣೆ ಹುಟ್ಟಿತು. 1929ರಲ್ಲಿ ಜೋನ್ಸ್ ಮತ್ತು ಡೋಲ್ ಲವಣದ ನೀರು ಎಷ್ಟು ಮಂದವಾಗಿ ಹರಿಯುತ್ತದೆ ಎಂದು ಅಳೆದು ಒಂದು ಸೂತ್ರ ಕೊಟ್ಟರು. ಕೆಲವು ಲವಣ ನೀರಿನ ಹರಿವನ್ನು ಮಂದ ಮಾಡುತ್ತವೆ, ಕೆಲವು ಸಲೀಸು ಮಾಡುತ್ತವೆ. 1945ರಲ್ಲಿ ಹೆನ್ರಿ ಫ್ರಾಂಕ್ ಮತ್ತು ಮಾರ್ಜೊರಿ ಇವಾನ್ಸ್ ಇನ್ನೂ ಮುಂದೆ ಹೋಗಿ, ಮೀಥೇನ್‌ನಂಥ ಎಣ್ಣೆ ಜಾತಿಯ ಸಣ್ಣ ಅಣು ಕರಗಿದಾಗ ಅದರ ಸುತ್ತ ನೀರು ಪುಟ್ಟ ಮಂಜುಗಡ್ಡೆಯ ಹಾಗೆ ಗಟ್ಟಿ ಕಟ್ಟುತ್ತದೆ ಎಂದರು. ಕಟ್ಟುವವು, ಒಡೆಯುವವು ಎಂಬ ಎರಡು ಪಂಗಡ ಪಠ್ಯಪುಸ್ತಕಕ್ಕೆ ಹೊಕ್ಕಿದ್ದು ಹೀಗೆ.

ಆಗ ನೀರಿನ ಒಳಗೆ ಇಣುಕುವ ಸಾಧನ ಯಾರ ಬಳಿಯೂ ಇರಲಿಲ್ಲ. ಹರಿವು, ಶಾಖ, ಕರಗುವ ಪ್ರಮಾಣ ಅಳೆದು ಒಳಗೆ ಹೀಗಿರಬಹುದು ಎಂದು ಊಹಿಸಿದರು, ಒಳ್ಳೆಯ ಊಹೆಯೇ. ನ್ಯೂಟ್ರಾನ್ ಪ್ರಯೋಗಗಳೂ ಅತಿವೇಗದ ಲೇಸರ್‌ಗಳೂ ಬಂದ ಮೇಲೆ ಚಿತ್ರ ಬದಲಾಯಿತು. 2003ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಹ್ಯೂಬ್ ಬಾಕ್ಕರ್ ಅವರ ಗುಂಪು ಲವಣದ ದ್ರಾವಣಗಳಲ್ಲಿ ನೀರಿನ ಅಣುಗಳು ಎಷ್ಟು ಬೇಗ ಹೊರಳುತ್ತವೆ ಎಂದು ನೋಡಿತು. ಅವರು ಬಳಸಿದ ಲವಣಗಳಲ್ಲಿ ಕಟ್ಟುವ ಪಂಗಡದ್ದೂ ಒಡೆಯುವ ಪಂಗಡದ್ದೂ ಇದ್ದವು. ಅಯಾನಿಗೆ ಅಂಟಿ ನಿಂತ ಮೊದಲ ಸಾಲಿನ ಅಣುಗಳಾಚೆ ನೀರು ಶುದ್ಧ ನೀರಿನಂತೆಯೇ ಹೊರಳುತ್ತಿತ್ತು. ಸಂತೆಯಲ್ಲಿ ಬಳೆಗಾರ್ತಿ ಬುಟ್ಟಿ ಇಳಿಸಿ ಕೂತರೆ ಅವಳ ಸುತ್ತ ನಾಲ್ಕಾರು ಹೆಂಗಸರು ನಿಲ್ಲುತ್ತಾರೆ, ಉಳಿದ ಸಂತೆ ತನ್ನ ಪಾಡಿಗೆ ಓಡಾಡುತ್ತಿರುತ್ತದೆ, ಹೆಚ್ಚು ಕಡಿಮೆ ಹಾಗೆ. ತುಂಬಾ ಗಾಢವಾದ ದ್ರಾವಣಗಳಲ್ಲೂ ಕೆಲವು ಜೋಡಿ ಅಯಾನುಗಳಲ್ಲೂ ಪ್ರಭಾವ ಇನ್ನೊಂದು ಸಾಲಿನವರೆಗೆ ಹೋಗುತ್ತದೆಂದು ವಾದಿಸುವವರು ಇದ್ದಾರೆ. ಆ ಚರ್ಚೆ ಮುಗಿದಿಲ್ಲ. ಆದರೆ ನಿಮ್ಮ ಕೊಳವೆಬಾವಿಗೂ ಅದಕ್ಕೂ ಸಂಬಂಧವಿಲ್ಲ.

ಯಾಕೆ ಎಂದು ಲೆಕ್ಕ ಹಾಕಿ ನೋಡೋಣ. 900 ಟಿಡಿಎಸ್ ಅಂದರೆ ಲೀಟರಿಗೆ 900 ಮಿಲಿಗ್ರಾಂ ಕರಗಿದ ಲವಣ. ಲೀಟರ್ ನೀರಿನ ಅಣುಗಳ ಜೊತೆ ಹೋಲಿಸಿದರೆ, ಸುಮಾರು ಎರಡರಿಂದ ಮೂರು ಸಾವಿರ ನೀರಿನ ಅಣುಗಳಿಗೆ ಒಂದೇ ಒಂದು ಅಯಾನು. ಪ್ರತಿ ಅಯಾನಿನ ಮೊದಲ ಸಾಲಿನಲ್ಲಿ ಆರು ಅಣುಗಳೆಂದು ಇಟ್ಟುಕೊಳ್ಳಿ. ಸಾವಿರಕ್ಕೆ ಎರಡು ಮೂರು ಅಣುಗಳಷ್ಟೇ ಯಾವುದಾದರೂ ಅಯಾನಿನ ಮಗ್ಗುಲಲ್ಲಿವೆ. ಉಳಿದ 997ಕ್ಕೆ ಅಲ್ಲಿ ಲವಣ ಇದೆ ಎಂಬುದೇ ಗೊತ್ತಿಲ್ಲ. ಹೋಲಿಕೆಗೆ, ನಮ್ಮ ರಕ್ತದ ದ್ರವಭಾಗದಲ್ಲಿ 180ರಿಂದ 190 ನೀರಿನ ಅಣುಗಳಿಗೇ ಒಂದು ಕರಗಿದ ಕಣ ಇದೆ. ಕರಗಿದ್ದು ಕೆಟ್ಟದ್ದು ಎಂದಾದರೆ ನಮ್ಮ ರಕ್ತ ಕೊಳವೆಬಾವಿಗಿಂತ ಹತ್ತು ಪಟ್ಟು ಕೆಟ್ಟದ್ದಾಗಬೇಕಿತ್ತು.

ಯೂರಿಯಾದ ಕಥೆ ಇನ್ನೂ ಚೆನ್ನಾಗಿದೆ. ಅದನ್ನು ಬಹುಕಾಲ ನೀರಿನ ರಚನೆ ಒಡೆಯುವ ಅಣು ಎಂದೇ ಕರೆಯುತ್ತಿದ್ದರು. ಗಾಢ ಯೂರಿಯಾದಲ್ಲಿ ಮಡಚಿಕೊಂಡಿರುವ ಪ್ರೋಟೀನುಗಳು ಬಿಚ್ಚಿಕೊಳ್ಳುತ್ತವೆ, ನೀರು ಹಾಳಾದದ್ದರಿಂದಲೇ ಹೀಗೆ ಎಂದು ವಿವರಣೆ. ಬಾಕ್ಕರ್ ಗುಂಪು 2006ರಲ್ಲಿ ಇದನ್ನೂ ಪರೀಕ್ಷಿಸಿತು. ಒಂದು ಯೂರಿಯಾಕ್ಕೆ ನಾಲ್ಕೈದು ನೀರಿನ ಅಣು ಮಾತ್ರ ಉಳಿಯುವಷ್ಟು ಗಾಢ ದ್ರಾವಣದಲ್ಲೂ ಹೆಚ್ಚಿನ ನೀರು ಎಂದಿನ ವೇಗದಲ್ಲೇ ಹೊರಳುತ್ತಿತ್ತು. ಪ್ರತಿ ಯೂರಿಯಾ ಹೆಚ್ಚೆಂದರೆ ಒಂದು ನೀರಿನ ಅಣುವನ್ನು ಬಿಗಿಯಾಗಿ ಹಿಡಿದು ನಿಧಾನ ಮಾಡುತ್ತಿತ್ತು. ಯೂರಿಯಾ ನೀರಿನ ಜಾಲದೊಳಗೆ ಸಲೀಸಾಗಿ ಜಾಗ ಮಾಡಿಕೊಳ್ಳುವ ಅಣು. ಪ್ರೋಟೀನು ಬಿಚ್ಚಿಕೊಳ್ಳುವುದು ಯೂರಿಯಾ ನೇರವಾಗಿ ಪ್ರೋಟೀನಿಗೇ ಅಂಟುವುದರಿಂದ.

ಇದಕ್ಕೆ ನಮ್ಮ ಕರಾವಳಿಯಲ್ಲೇ ಉದಾಹರಣೆ ಇದೆ. ಶಾರ್ಕ್ ಮೀನು ಸಮುದ್ರದ ಉಪ್ಪನ್ನು ಎದುರಿಸಲು ತನ್ನ ಮೈಯಲ್ಲಿ ಯೂರಿಯಾವನ್ನು ಕೂಡಿಟ್ಟುಕೊಂಡಿರುತ್ತದೆ, ನಮಗಾದರೆ ಜೀವಕ್ಕೇ ಅಪಾಯವಾಗುವಷ್ಟು. ಹಳಸಿದ ಶಾರ್ಕ್ ಮಾಂಸ ಅಮೋನಿಯಾ ನಾತ ಹೊಡೆಯುವುದು ಆ ಯೂರಿಯಾ ಒಡೆಯುವುದರಿಂದಲೇ, ಮಲ್ಪೆ ಬಂದರಿನಲ್ಲಿ ಓಡಾಡಿದವರಿಗೆ ಬೇರೆ ವಿವರಣೆ ಬೇಡ. ಅಷ್ಟು ಯೂರಿಯಾ ಇದ್ದರೂ ಅದರ ಪ್ರೋಟೀನು ಕೆಡುವುದಿಲ್ಲ, ಯಾಕೆಂದರೆ ಯೂರಿಯಾದ ಅರ್ಧದಷ್ಟು ಪ್ರಮಾಣದಲ್ಲಿ ಟ್ರೈಮೀಥೈಲ್‌ಅಮೀನ್ ಆಕ್ಸೈಡ್ ಎಂಬ ಇನ್ನೊಂದು ಸಣ್ಣ ಅಣುವೂ ಇರುತ್ತದೆ. ಇದು ಪ್ರೋಟೀನಿನ ಬೆನ್ನೆಲುಬಿನಿಂದ ದೂರ ಉಳಿಯುತ್ತದೆ, ಹಾಗಾಗಿ ಪ್ರೋಟೀನು ಬಿಚ್ಚಿಕೊಳ್ಳದೆ ಮಡಚಿಕೊಂಡೇ ಇರುವುದು ಲಾಭ. ನೀರನ್ನು ಈ ಅಣು ಯೂರಿಯಾಗಿಂತ ಬಿಗಿಯಾಗಿ ಹಿಡಿಯುವುದು ಹೌದು. ಪ್ರೋಟೀನನ್ನು ಕಾಪಾಡುವ ಕೆಲಸದಲ್ಲಿ ಈ ಹಿಡಿತದ ಪಾಲು ಎಷ್ಟು ಎಂಬುದಕ್ಕೆ ಒಮ್ಮತವಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿಮನ್ ಬಾಗ್ಚಿ ಅವರಂಥವರು ಪ್ರೋಟೀನಿನ ಸುತ್ತ ನೀರು ಹೇಗೆ ನಡೆದುಕೊಳ್ಳುತ್ತದೆ ಎಂಬುದಕ್ಕೇ ದಶಕಗಳನ್ನು ಕೊಟ್ಟಿದ್ದಾರೆ. ಆಸಕ್ತಿ ಇದ್ದರೆ ಮಗಳು ಅತ್ತ ನೋಡಬಹುದು.

ಫ್ರಾಂಕ್ ಮತ್ತು ಇವಾನ್ಸ್ ಅವರ ಮಂಜುಗಡ್ಡೆಯ ಊಹೆ ಏನಾಯಿತು? ಅರ್ಧ ನಿಂತಿತು. ಎಣ್ಣೆ ಜಾತಿಯ ಅಣುವಿನ ಪಕ್ಕದ ನೀರು ಸ್ವಲ್ಪ ನಿಧಾನವಾಗುವುದು, ತಣ್ಣನೆಯ ನೀರಿನಲ್ಲಿ ಸ್ವಲ್ಪ ಹೆಚ್ಚು ಓರಣವಾಗುವುದು ಪ್ರಯೋಗಗಳಲ್ಲಿ ಕಂಡಿದೆ. ಗಟ್ಟಿ ಗಡ್ಡೆ ಕಂಡಿಲ್ಲ. ನಿಜವಾದ ಗೂಡು ಕಟ್ಟಬೇಕಾದರೆ ಒತ್ತಡವೂ ಚಳಿಯೂ ಬೇಕು: ಕೃಷ್ಣಾ-ಗೋದಾವರಿ ಕಣಿವೆಯ ಆಚೆ ಬಂಗಾಳ ಕೊಲ್ಲಿಯ ತಳದಲ್ಲಿ 2006ರಲ್ಲಿ ಕೊರೆದಾಗ ಸಿಕ್ಕ ಮೀಥೇನ್ ಹೈಡ್ರೇಟ್ ಅಂಥದ್ದು, ನೀರಿನ ಅಣುಗಳ ಪಂಜರದೊಳಗೆ ಮೀಥೇನ್ ಕೂತಿರುವ ಘನ. ಅಡುಗೆಮನೆ ಲೋಟದಲ್ಲಿ ಅದು ಸಾಧ್ಯವಿಲ್ಲ.

ಹಾಗಂತ ಸಣ್ಣ ಅಣುಗಳಿಂದ ನೀರಿಗೆ ಏನೂ ಆಗುವುದಿಲ್ಲ ಎನ್ನುವುದೂ ತಪ್ಪು. ಪ್ರಮಾಣ ಹೆಚ್ಚಾದರೆ ಬೇಕಾದಷ್ಟು ಆಗುತ್ತದೆ. 50 ಮಿಲಿಲೀಟರ್ ನೀರಿಗೆ 50 ಮಿಲಿಲೀಟರ್ ಆಲ್ಕೋಹಾಲ್ ಸೇರಿಸಿದರೆ 100 ಬರುವುದಿಲ್ಲ, 96-97 ಬರುತ್ತದೆ. ಕಾಲೇಜಿನ ಲ್ಯಾಬಿನಲ್ಲಿ ಮಗಳು ಅಳತೆಪಾತ್ರೆ ಇಟ್ಟು ನೋಡಲಿ, ಪಾತ್ರೆ ಬೆಚ್ಚಗಾಗುವುದೂ ಗೊತ್ತಾಗುತ್ತದೆ. ಇನ್ನೊಂದು ನಿಮ್ಮ ಕೊಟ್ಟಿಗೆಗೇ ಬರುತ್ತದೆ. ಹಸುವಿಗೆ ಕೃತಕ ಗರ್ಭಧಾರಣೆ ಮಾಡಲು ಬಂದವರು ದ್ರವ ಸಾರಜನಕದ ಕ್ಯಾನಿನಿಂದ ಒಂದು ತೆಳು ಸ್ಟ್ರಾ ಎತ್ತಿ ಬೆಚ್ಚನೆಯ ನೀರಿನಲ್ಲಿ ಇಳಿಸುತ್ತಾರಲ್ಲ, ಮೈನಸ್ 196 ಡಿಗ್ರಿಯಲ್ಲಿದ್ದ ವೀರ್ಯಾಣು ಮತ್ತೆ ಈಜಲು ಶುರು ಮಾಡುವುದು ಅದರಲ್ಲಿ ಬೆರೆಸಿದ ಗ್ಲಿಸರಾಲ್ ದೆಸೆಯಿಂದ. 1949ರಲ್ಲಿ ಇಂಗ್ಲೆಂಡಿನಲ್ಲಿ ಕ್ರಿಸ್ಟೋಫರ್ ಪೋಲ್ಜ್ ಮತ್ತು ಸಂಗಡಿಗರು ಕೋಳಿಯ ವೀರ್ಯಾಣುವಿನ ಮೇಲೆ ಇದನ್ನು ಮೊದಲು ತೋರಿಸಿದರು. ಗ್ಲಿಸರಾಲ್ ಅಣು ಮೂರು ಕಡೆಯಿಂದ ನೀರಿನ ಕೈ ಹಿಡಿಯಬಲ್ಲದು, ನೀರು ತನ್ನತನಕ್ಕೆ ಬಂದು ಹರಳುಗಟ್ಟದಂತೆ ತಡೆಯುತ್ತದೆ. ತೂಕದಲ್ಲಿ ಮೂರನೇ ಎರಡು ಭಾಗ ಗ್ಲಿಸರಾಲ್ ಇರುವ ನೀರು ಮೈನಸ್ 46 ಡಿಗ್ರಿವರೆಗೂ ಹೆಪ್ಪುಗಟ್ಟದು. ಇಲ್ಲೆಲ್ಲ ಅಣುವಿಗೆ ಅಣು ಮೈ ತಾಗುವಷ್ಟು ಗಾಢತೆ ಇದೆ, ಆ ಅಣು ಅಲ್ಲೇ ಉಳಿದಿರುವವರೆಗೆ ಪರಿಣಾಮ. ತೆಗೆದರೆ ನೀರು ಮತ್ತೆ ನೀರೇ, ಗುರುತು ಉಳಿಯುವುದಿಲ್ಲ.

ನೀರಿಗೆ ಹೊಸ ರೂಪ ಸಿಕ್ಕಿತು ಎಂಬ ಸಂಭ್ರಮ ಹಿಂದೆಯೂ ಒಮ್ಮೆ ಆಗಿತ್ತು. 1960ರ ದಶಕದಲ್ಲಿ ಸೋವಿಯತ್ ವಿಜ್ಞಾನಿ ಬೋರಿಸ್ ಡೆರ್ಯಾಗಿನ್ ಸಣ್ಣ ಗಾಜಿನ ನಳಿಕೆಗಳಲ್ಲಿ ಸಿಕ್ಕ ಅಂಟು ನೀರನ್ನು ಜಗತ್ತಿನ ಮುಂದಿಟ್ಟರು, ಅದಕ್ಕೆ ಪಾಲಿವಾಟರ್ ಎಂದು ಹೆಸರಾಯಿತು. ಅಮೆರಿಕದ ಡೆನಿಸ್ ರೂಸೊ ತಮ್ಮ ಬೆವರನ್ನೇ ಪರೀಕ್ಷಿಸಿ ಎರಡೂ ಒಂದೇ ಥರ ಕಾಣುತ್ತವೆ ಎಂದು ತೋರಿಸಿದರು. 1973ರಲ್ಲಿ ಡೆರ್ಯಾಗಿನ್ ಅವರೇ ಅದು ಕರಗಿದ ಕಶ್ಮಲದ ಆಟ ಎಂದು ಒಪ್ಪಿದರು. ಒಪ್ಪಿಕೊಂಡದ್ದು ದೊಡ್ಡತನ. ಯಂತ್ರ ಮಾರುವವರಿಂದ ಅಷ್ಟನ್ನು ನಿರೀಕ್ಷಿಸಬೇಡಿ.

ಈಗ ನಿಮ್ಮ ಮನೆಗೆ ಬರುತ್ತೇನೆ. ಏಜೆಂಟ್ ಕರಗಿದ ವಸ್ತುಗಳ ಬಗ್ಗೆ ಇಷ್ಟು ಮಾತಾಡಿದರೂ ಕೇಳದೆ ಬಿಟ್ಟ ಪ್ರಶ್ನೆ ಒಂದಿದೆ: ಕರಗಿರುವುದು ಏನು? ಪಾವಗಡ, ಶಿರಾ ಭಾಗದ ಆಳದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಿರುವುದು ಹಳೆಯ ಸಮಸ್ಯೆ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ಟಿಡಿಎಸ್‌ಗೆ ಇದೇ ರೀತಿ 500 ಮತ್ತು 2,000. ಟಿಡಿಎಸ್ ಮೀಟರ್ ಒಟ್ಟು ಲವಣವನ್ನು ಹೇಳುತ್ತದೆಯೇ ಹೊರತು ಅದರಲ್ಲಿ ಫ್ಲೋರೈಡ್ ಎಷ್ಟು ಎಂದು ಹೇಳದು. 900ರ ನೀರಿನಲ್ಲಿ ಫ್ಲೋರೈಡ್ ಅರ್ಧ ಮಿಲಿಗ್ರಾಂ ಇರಬಹುದು, ನಾಲ್ಕೂ ಇರಬಹುದು. ರುಚಿಯಲ್ಲೂ ಗೊತ್ತಾಗದು.

ಇಲ್ಲೊಂದು ತಮಾಷೆ. ಮಗಳ ಪುಸ್ತಕ ತೆರೆದು ನೋಡಿ, ಫ್ಲೋರೈಡ್ ಇರುವುದು ರಚನೆ ಕಟ್ಟುವ ಪಂಗಡದಲ್ಲಿ. ಎಳನೀರಿನಲ್ಲಿ ಧಾರಾಳವಾಗಿರುವ ಪೊಟ್ಯಾಸಿಯಂ ಒಡೆಯುವ ಪಂಗಡದಲ್ಲಿ. ಏಜೆಂಟರ ಮಾತು ನಂಬಿದರೆ ತೆಂಗಿನ ನಾಡಿನವರು ಎಳನೀರು ಬಿಟ್ಟು ಫ್ಲೋರೈಡ್ ನೀರು ಹುಡುಕಿಕೊಂಡು ಹೋಗಬೇಕು.

ತಾಯಿಯವರ ಮಂಡಿ ನೋವು ಫ್ಲೋರೈಡಿನದ್ದೇ ಎಂದು ನಾನು ಹೇಳುತ್ತಿಲ್ಲ, ವಯಸ್ಸಿನ ಸವೆತವೂ ಇರಬಹುದು. ಆದರೆ ಹೆಚ್ಚು ಫ್ಲೋರೈಡನ್ನು ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲು ಬಿಗಿಯುತ್ತವೆ. ಊರಿನ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ, ಮಚ್ಚೆ ಇವೆಯೇ ಗಮನಿಸಿ. ವೈದ್ಯರ ಬಳಿ ಹೋದಾಗ ಕೊಳವೆಬಾವಿ ನೀರಿನ ವಿಷಯ, ಪರೀಕ್ಷೆಯ ವರದಿ ಎರಡನ್ನೂ ಮುಂದಿಡಿ. ಯಂತ್ರ ಹಾಕಿಸಿಕೊಂಡು ನೀರು ಸರಿಹೋಯಿತೆಂದು ನೆಮ್ಮದಿಯಾಗಿ ಅದೇ ಫ್ಲೋರೈಡ್ ಕುಡಿಯುತ್ತ ಹೋಗುವುದೇ ನನಗೆ ಕಾಣುವ ದೊಡ್ಡ ಅಪಾಯ, 38 ಸಾವಿರ ಆಮೇಲಿನ ಮಾತು.

ಫ್ಲೋರೈಡ್ ಹೆಚ್ಚಿದ್ದರೆ ದಾರಿಗಳಿವೆ, ಯಾವುದೂ ತೊಡಕಿಲ್ಲದ್ದಲ್ಲ. ಕುದಿಸುವುದು ಉಪಯೋಗವಿಲ್ಲ, ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ಗಾಢವಾಗುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕ ಸರಿಯಾಗಿ ನಡೆಯುತ್ತಿದ್ದರೆ ಅದೇ ಅಗ್ಗ, ಆದರೆ ಲವಣ ಸೋಸುವ ಪೊರೆ, ಅಂದರೆ ಮೆಂಬ್ರೇನ್, ಬದಲಿಸಿ ಎಷ್ಟು ದಿನವಾಯಿತು ಎಂದು ಪಂಚಾಯಿತಿಯಲ್ಲಿ ಕೇಳಿ, ಅಲ್ಲಿನ ನೀರನ್ನೂ ಒಮ್ಮೆ ಪರೀಕ್ಷೆಗೆ ಕೊಡಿ. ಮನೆಯ ಆರ್‌ಒ ಫ್ಲೋರೈಡನ್ನು ಚೆನ್ನಾಗಿ ತೆಗೆಯುತ್ತದೆ. ಶುದ್ಧವಾದಷ್ಟೇ ಅಥವಾ ಅದಕ್ಕಿಂತ ಹೆಚ್ಚು ನೀರು ಹೊರಗೆ ಹೋಗುತ್ತದೆ, ಅದರಲ್ಲಿ ಲವಣ ಇನ್ನೂ ಗಾಢವಾಗಿರುವುದರಿಂದ ದನಕ್ಕೆ ಕುಡಿಸಬೇಡಿ, ನೆಲ ತೊಳೆಯಲು ಸಾಕು. ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುವ ಆಕ್ಟಿವೇಟೆಡ್ ಅಲ್ಯುಮಿನಾ ಎಂಬ ವಸ್ತು ತುಂಬಿದ ಫಿಲ್ಟರ್‌ಗಳಿಗೆ ಕರೆಂಟ್ ಬೇಡ, ನೀರೂ ಪೋಲಾಗದು. ಅದರ ಶಕ್ತಿ ಮುಗಿದಾಗ ಯಾವ ಸೂಚನೆಯೂ ಸಿಗದು ಎಂಬುದೇ ಅದರ ದೋಷ, ಆಗಾಗ ಪರೀಕ್ಷೆ ಮಾಡಿಸುತ್ತಿರಬೇಕು. ನನ್ನನ್ನು ಕೇಳಿದರೆ, ತಾರಸಿ ಇರುವವರು ಕುಡಿಯಲು, ಅಡುಗೆಗೆ ಬೇಕಾದಷ್ಟು ಮಳೆನೀರು ಹಿಡಿಯುವ ತೊಟ್ಟಿ ಕಟ್ಟಿಸುವುದು ಮೇಲು. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಮೊದಲ ಮಳೆಯ ಕೊಳೆ ಹೊರಗೆ ಬಿಡಬೇಕು, ತೊಟ್ಟಿಗೆ ಬೆಳಕು, ಸೊಳ್ಳೆ ಬೀಳದಂತೆ ಮುಚ್ಚಬೇಕು, ಕುಡಿಯುವ ಮುಂಚೆ ಕುದಿಸಬೇಕು.

ಮುಂಗಡದ ವಿಷಯ. ಯಂತ್ರ ಯಾವ ಯಾವ ವಸ್ತುವನ್ನು ಎಷ್ಟು ತೆಗೆಯುತ್ತದೆ ಎಂದು ಕಾಗದದ ಮೇಲೆ ಬರೆದುಕೊಡಲು ಏಜೆಂಟರನ್ನು ಕೇಳಿ. ಯಂತ್ರಕ್ಕೆ ಹೋಗುವ ಮುಂಚಿನ ಮತ್ತು ಹೊರಬಂದ ನೀರಿನ ಪ್ರಯೋಗಾಲಯ ವರದಿಯನ್ನೂ ಕೇಳಿ. ಕೊಡಲಾಗದಿದ್ದರೆ ಹಣ ವಾಪಸ್ ಕೇಳಿ ಲಿಖಿತವಾಗಿ ಪತ್ರ ಕೊಡಿ, ರಸೀದಿ ಜೋಪಾನ ಮಾಡಿ. ಮಾತು ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕ ಆಯೋಗವೂ ಇದೆ. ತಂದೆಯವರನ್ನು ಮೋಸ ಹೋದಿರಿ ಎಂದು ಚುಚ್ಚಬೇಡಿ. ಹೆಂಡತಿಯ ನೋವಿಗೆ ನೀರು ಕಾರಣವಿರಬಹುದು ಎಂದು ಅವರಿಗೆ ಅನಿಸಿದ್ದರಲ್ಲಿ ತಪ್ಪೇನಿಲ್ಲ.

ನೀರು ಪರೀಕ್ಷೆಗೆ ಕೊಡುವಾಗ ಮೋಟರ್ ಹಾಕಿ ಐದು ನಿಮಿಷ ನೀರು ಹರಿಯಲು ಬಿಡಿ. ಒಂದು ಲೀಟರಿನ ಶುಭ್ರ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ, ಆಮೇಲೆ ತುಂಬಿಸಿ. ಫ್ಲೋರೈಡ್ ಗಾಜಿಗೆ ಹತ್ತಿಕೊಳ್ಳುವುದರಿಂದ ಗಾಜಿನ ಬಾಟಲಿ ಬೇಡ. ಬಾಟಲಿ ಮೇಲೆ ಊರು, ತಾರೀಕು, ಕೊಳವೆಬಾವಿಯ ಆಳ ಬರೆಯಿರಿ. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯದಲ್ಲಿ ಫ್ಲೋರೈಡ್, ನೈಟ್ರೇಟ್, ಗಡಸುತನ ಮೂರನ್ನೂ ಹೆಸರು ಹಿಡಿದು ಕೇಳಿ. ರೋಗಾಣು ಪರೀಕ್ಷೆಗೆ ಅವರೇ ಕೊಡುವ ಬೇರೆ ಬಾಟಲಿ ಬೇಕು. ಬೇಸಿಗೆಯಲ್ಲಿ ನೀರಿನ ಮಟ್ಟ ಕುಸಿದಾಗ ಇನ್ನೊಮ್ಮೆ ಮಾಡಿಸಿ, ಅಂಕಿ ಅದೇ ಇರುವುದಿಲ್ಲ.